ಅದು ಬರೀ ದಮ್ಮು ಅಂತ ಯಾರು ಹೇಳಿದ್ದು?

‘ಸಾವಿನಲ್ಲೂ ಒಂದಾದ ದಂಪತಿ’. ಪೇಪರಿನಲ್ಲಿ ಈ ಹೆಡ್ಡಿಂಗನ್ನು ನೀವೂ ಓದಿರುತ್ತೀರಿ. ಬೆಳಿಗ್ಗೆ ಗಂಡ ತೀರಿಕೊಂಡ, ಸಂಜೆಯೊಳಗೆ ಹೆಂಡತಿಯೂ ಹೋದಳು. ಅಯ್ಯೋ ಪಾಪ ಎಂದು ಮುಂದಿನ ಪುಟ ತಿರುಗಿಸುತ್ತೇವೆ. ಪತ್ರಿಕೋದ್ಯಮ ಓದಿದ ನಾವು ಕೂಡ ಒಂದು ಪ್ರಶ್ನೆ ಕೇಳುವುದನ್ನು ಮರೆಯುತ್ತೇವೆ: ಆ ಅಮ್ಮನಿಗೆ ಉಸಿರು ಕಟ್ಟಿದಾಗ ಯಾರಾದರೂ ಇಸಿಜಿ ತೆಗೆಸಿದರಾ?

ಆಕೆಗೆ ಮೊದಲೇ ದಮ್ಮು ಇದ್ದರಂತೂ ಮುಗಿಯಿತು. ‘ಅತ್ತೂ ಅತ್ತೂ ದಮ್ಮು ಜಾಸ್ತಿ ಆಗಿದೆ, ಒಂದು ಇಂಜೆಕ್ಷನ್ ಹಾಕಿಸಿ’ ಅನ್ನುತ್ತಾರೆ ಮನೆಯವರು. ‘ಹಳೇ ಅಸ್ತಮಾ, ಜೊತೆಗೆ ಟೆನ್ಶನ್’ ಎಂದು ಚೀಟಿ ಬರೆಯುತ್ತಾರೆ ಡಾಕ್ಟರು. ಎದೆಯೊಳಗೆ ಶ್ವಾಸಕೋಶದ ಪಕ್ಕದಲ್ಲೇ ಹೃದಯವೂ ಇದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ನಾವು ಹೇಳುತ್ತಿರುವ ಕಾಯಿಲೆಯ ಹೆಸರು ಟಾಕೊಟ್ಸುಬೊ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಈ ಹೆಸರಿಟ್ಟರು. ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಇಡುವ ಮಡಕೆಗೆ ಹಾಗನ್ನುತ್ತಾರೆ: ಕತ್ತು ಸಣ್ಣದು, ತಳ ದುಂಡಗೆ. ದೊಡ್ಡ ಆಘಾತವಾದಾಗ ಮೈಯಲ್ಲಿ ಅಡ್ರಿನಲಿನ್ ಒಮ್ಮೆಲೇ ಉಕ್ಕುತ್ತದೆ. ಆ ಹೊಡೆತಕ್ಕೆ ಹೃದಯದ ಮಾಂಸಖಂಡ ಮರಗಟ್ಟಿದಂತಾಗಿ, ಕೆಳಭಾಗ ಆ ಮಡಕೆಯ ಹಾಗೆ ಉಬ್ಬಿ ನಿಲ್ಲುತ್ತದೆ ಎನ್ನುತ್ತಾರೆ ತಜ್ಞರು. ಎದೆನೋವು, ಏದುಸಿರು, ಇಸಿಜಿಯಲ್ಲಿ ಏರುಪೇರು, ಎಲ್ಲವೂ ಹಾರ್ಟ್ ಅಟ್ಯಾಕಿನಂತೆಯೇ. ಆಂಜಿಯೋಗ್ರಾಂ ಮಾಡಿದರೆ ಮಾತ್ರ ಇದಕ್ಕೆ ಕಾರಣವಾಗುವಂಥ ಬ್ಲಾಕ್ ಸಿಗುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಸುಧಾರಿಸುತ್ತಾರೆ. ಆದರೆ ಮೊದಲ ಕೆಲವು ದಿನ ಜೀವಕ್ಕೇ ಅಪಾಯ.

ಇದು ಹೆಚ್ಚಾಗಿ ಬರುವುದು ಮುಟ್ಟು ನಿಂತ ಹೆಂಗಸರಿಗೆ. ದುಃಖ, ಜಗಳ, ಹೆದರಿಕೆಯಷ್ಟೇ ಅಲ್ಲ, ಜೋರಾದ ದಮ್ಮೂ ಇದನ್ನು ತರಬಲ್ಲದು. ಉಸಿರು ಸಿಗದೆ ಒದ್ದಾಡುವುದಕ್ಕಿಂತ ದೊಡ್ಡ ಆಘಾತ ಮೈಗೆ ಇನ್ನೇನಿದೆ? ದಮ್ಮಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಮೇಲಿಂದ ಮೇಲೆ ಕೊಡುವ ಸಾಲ್ಬುಟಮಾಲ್ ಕೂಡ ಹೃದಯವನ್ನು ಓಡಿಸುವಂಥವು. ಅವುಗಳ ಬೆನ್ನಲ್ಲೇ ಟಾಕೊಟ್ಸುಬೊ ಕಾಣಿಸಿಕೊಂಡ ರೋಗಿಗಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ.

ಹಾಗಂತ ಇನ್‌ಹೇಲರ್ ಬಿಸಾಡಬೇಡಿ! ಡಾಕ್ಟರು ದಿನಾ ಎಳೆಯಲು ಹೇಳಿದ ಇನ್‌ಹೇಲರನ್ನು ತಪ್ಪದೆ ಎಳೆದರೆ ಜೋರು ದಮ್ಮು ಬರುವುದೇ ಕಡಿಮೆ. ಅದನ್ನು ಬಿಟ್ಟು, ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲ್ ಎಳೆದೆಳೆದು ದಿನ ದೂಡುವುದೇ ಅಪಾಯ.

‘ದಮ್ಮು ಅಂತ ಬಂದವರಿಗೆಲ್ಲ ಇಸಿಜಿ ತೆಗೆಯೋಕಾಗುತ್ತಾ?’ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಅಂತ ನಾವು ಹೇಳುತ್ತಿಲ್ಲ. ದಮ್ಮಿನ ಜೊತೆ ಎದೆನೋವು ಇದ್ದರೆ, ಎದೆ ಹಿಂಡಿದಂತಾದರೆ, ತಣ್ಣನೆ ಬೆವರಿದರೆ, ತಲೆಸುತ್ತಿ ಬಿದ್ದರೆ, ನೆಬ್ಯುಲೈಜರ್ ಕೊಟ್ಟರೂ ಉಸಿರಾಟ ಹದಕ್ಕೆ ಬರದಿದ್ದರೆ ತೆಗೆಯಲೇಬೇಕು. ಐದು ನಿಮಿಷದ ಕೆಲಸ. ಎದೆನೋವಿನವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ತಜ್ಞರಿಗೆ ತೋರಿಸಲೆಂದೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ಏದುಸಿರು ಬಿಡುತ್ತಾ ಬರುವ ಅಮ್ಮನಿಗೂ ಆ ಲೆಕ್ಕದಲ್ಲಿ ಜಾಗ ಬೇಕು.

ಇನ್ನು ನಮ್ಮ ನಿಮ್ಮ ಕೆಲಸ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯವರನ್ನು ಕೇಳಿ: ಇಸಿಜಿ ಮಷೀನ್ ಇದೆಯಾ? ಪೇಪರ್ ರೋಲ್ ಇದೆಯಾ? ತೆಗೆಯಲು ಬರುವವರು ಇದ್ದಾರಾ? ಇಲ್ಲವೆಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮೇಲೆ ಹೇಳಿದ ಲಕ್ಷಣ ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೃದಯದ ಡಾಕ್ಟರಿಗೆ ದಮ್ಮು ಇರುವುದನ್ನು ಮರೆಯದೆ ಹೇಳಿ, ಏಕೆಂದರೆ ಹೃದಯದ ಕೆಲವು ಮಾತ್ರೆಗಳಿಂದ ದಮ್ಮು ಹೆಚ್ಚಾಗುತ್ತದೆ.

ಸಾವಿನ ಮನೆಯಲ್ಲಿ ಮೂಲೆ ಹಿಡಿದು ಕೂತು ಏದುಸಿರು ಬಿಡುವ ಅಮ್ಮನಿಗೆ ಸಮಾಧಾನ ಹೇಳುವವರು ನೂರು ಜನ. ಒಬ್ಬರಾದರೂ ಗಾಡಿ ತನ್ನಿ. ಅದು ಬರೀ ದಮ್ಮೇ ಆಗಿದ್ದರೆ ಸಂತೋಷ, ವಾಪಸ್ ಕರೆತನ್ನಿ. ಅಲ್ಲವಾದರೆ ಒಂದು ಜೀವ ಉಳಿದೀತು. ನಮಗೂ ಆ ಹೆಡ್ಡಿಂಗ್ ಬರೆಯುವುದು ತಪ್ಪೀತು.