ಅಪೆಂಡಿಕ್ಸ್ ‘ನಿರುಪಯುಕ್ತ’ ಎನ್ನುವ ಮೊದಲು ಮೊಲವನ್ನು ನೋಡೋಣ

ಬೋಧನಾಭ್ಯಾಸದಲ್ಲಿ ಅವಶೇಷ ಅಂಗಗಳ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ‘ಅಪೆಂಡಿಕ್ಸ್ ಉಪಯೋಗವಿಲ್ಲದ ಅಂಗ.’ ಈ ವಾಕ್ಯವನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೊಲವೇ ಸಾಕ್ಷಿ.

ರೋಗಾಣುಗಳಿಗೆ ಲೆಕ್ಕವಿಲ್ಲ, ವಂಶವಾಹಿಗಳಿಗೆ ಮಿತಿ ಇದೆ. ಹಾಗಾದರೆ ಅಷ್ಟೊಂದು ಬಗೆಯ ಪ್ರತಿಕಾಯಗಳು ಎಲ್ಲಿಂದ ಬರುತ್ತವೆ? ವಂಶವಾಹಿಯ ತುಣುಕುಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗುತ್ತವೆ ಎಂದು ಇಲಿಗಳಲ್ಲಿ ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಮೊಲದ ದಾರಿ ಸ್ವಲ್ಪ ಬೇರೆ. ಅದರಲ್ಲಿ ‘ವಿ’ ಎಂಬ ತುಣುಕುಗಳು ನೂರಕ್ಕೂ ಹೆಚ್ಚಿವೆ. ಆದರೂ ಅದರ ಬಹುಪಾಲು ಬಿ ಕೋಶಗಳು ಒಂದನ್ನೇ ಬಳಸುತ್ತವೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಈ ಕೋಶಗಳು ಅಪೆಂಡಿಕ್ಸ್ ಮುಂತಾದ ಕರುಳಿನ ಅಂಗಾಂಶಗಳಲ್ಲಿ ಸೇರಿ, ಉಳಿದ ತುಣುಕುಗಳಿಂದ ಚಿಕ್ಕ ಭಾಗಗಳನ್ನು ನಕಲು ಮಾಡಿ ಆ ಒಂದರೊಳಗೆ ಸೇರಿಸಿಕೊಳ್ಳುತ್ತವೆ. ಮೊಲದಲ್ಲಿ ಈ ‘ಜೀನ್ ಪರಿವರ್ತನೆ’ಯನ್ನು 1990ರಲ್ಲಿ ಬೆಕರ್ ಮತ್ತು ನೈಟ್ ವರದಿ ಮಾಡಿದರು. ಇದರ ಜೊತೆಗೆ ಹೊಸ ಉತ್ಪರಿವರ್ತನೆಗಳೂ ಸೇರುತ್ತವೆ. ಕರುಳಿನ ಬ್ಯಾಕ್ಟೀರಿಯಾ ತಲುಪದಂತೆ ಮರಿಯ ಅಪೆಂಡಿಕ್ಸನ್ನು ಬೇರ್ಪಡಿಸಿದರೆ ಅಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ.

ಇದನ್ನು ಕಾಗದದ ಪಟ್ಟಿಗಳಿಂದಲೇ ಕಲಿಸಬಹುದು. ಎಲ್ಲ ಗುಂಪುಗಳಿಗೂ ಒಂದೇ ವಾಕ್ಯ ಕೊಡಿ. ಗೋಡೆಗೆ ಅಂಟಿಸಿದ ಬೇರೆ ವಾಕ್ಯಗಳಿಂದ ಪದಗಳನ್ನು ನಕಲು ಮಾಡಿಕೊಂಡು ತಮ್ಮ ವಾಕ್ಯ ತಿದ್ದಲಿ. ಗೋಡೆಯ ವಾಕ್ಯಗಳು ಹಾಗೇ ಉಳಿಯುತ್ತವೆ, ಗುಂಪಿಗೊಂದು ಹೊಸ ವಾಕ್ಯ ಹುಟ್ಟುತ್ತದೆ.

ಗುಂಜಿಯಂಥ ಊರಿನಲ್ಲಿ ಈ ಉದಾಹರಣೆ ಇನ್ನೂ ಸುಲಭ. ಮರಾಠಿ ಮನೆಮಾತಿನ ಮಕ್ಕಳು ‘ಸಸಾ’ ಎನ್ನಲಿ, ಕನ್ನಡದ ಮಕ್ಕಳು ‘ಮೊಲ’ ಎನ್ನಲಿ, ಪ್ರಾಣಿ ಎಲ್ಲರಿಗೂ ಗೊತ್ತು. ನಮ್ಮ ಕಾಡುಮೊಲವೂ ಪ್ರಯೋಗಾಲಯದ ಸಾಕುಮೊಲವೂ ಬೇರೆ ಬೇರೆ ಪ್ರಭೇದ ಎಂಬುದನ್ನು ಮಾತ್ರ ಮೊದಲೇ ತಿಳಿಸಬೇಕು.

ಮನುಷ್ಯ ಮೊಲವಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನಿಜ. ನಮ್ಮಲ್ಲಿ ತುಣುಕುಗಳ ಜೋಡಣೆ ಮುಖ್ಯವಾಗಿ ಅಸ್ಥಿಮಜ್ಜೆಯಲ್ಲಿ ನಡೆಯುತ್ತದೆ, ಅಪೆಂಡಿಕ್ಸ್ ತೆಗೆಸಿಕೊಂಡವರೂ ಆರೋಗ್ಯವಾಗಿ ಬದುಕುತ್ತಾರೆ. ಆದರೆ ನಮ್ಮ ಅಪೆಂಡಿಕ್ಸಿನಲ್ಲೂ ರೋಗನಿರೋಧಕ ಅಂಗಾಂಶವಿದೆ. ಅವಶೇಷ ಅಂಗವೆಂದರೆ ಮೂಲ ಕೆಲಸ ಕುಗ್ಗಿದ ಅಂಗ, ಕೆಲಸವೇ ಇಲ್ಲದ ಅಂಗವಲ್ಲ.

ಶಿಕ್ಷಕರು ‘ಉಪಯೋಗವಿಲ್ಲ’ ಎಂದ ಮೇಲೆ ಮಗು ಆ ಅಂಗದ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಹೆಚ್ಚಿನ ನಷ್ಟ ಅದೇ. ಮುಂದಿನ ಪಾಠಯೋಜನೆಯಲ್ಲಿ ಆ ವಾಕ್ಯದ ಜಾಗದಲ್ಲಿ ಒಂದು ಪ್ರಶ್ನೆ ಬರೆಯೋಣ: ‘ಮೊಲದ ಅಪೆಂಡಿಕ್ಸ್ ಏನು ಮಾಡುತ್ತದೆ?’