ಸೀಸಕ್ಕೆ ಬಣ್ಣದ ಹೊದಿಕೆ

ಲೋಹಕ್ಕೆ ಬಣ್ಣದ ಪುಡಿಯನ್ನು ವಿದ್ಯುತ್ತಿನಿಂದ ಹಿಡಿಸಿ, ಸುಮಾರು 200 ಡಿಗ್ರಿ ಶಾಖದಲ್ಲಿ ಬೇಯಿಸುವ ‘ಪೌಡರ್ ಕೋಟಿಂಗ್’ ಕೆಲಸವು ಮಹದೇವಪುರದ ಕೈಗಾರಿಕಾ ಪ್ರದೇಶಕ್ಕೆ ಹೊಸತಲ್ಲ. ಅಮೆರಿಕೆಯಲ್ಲಿ ಬಂದೂಕುಪ್ರಿಯರು ಮನೆಯಲ್ಲಿ ಎರಕಹೊಯ್ದ ಸೀಸದ ಗುಂಡುಗಳಿಗೂ ಇದನ್ನು ಲೇಪಿಸುತ್ತಾರೆ. ಸೀಸವು ನಳಿಗೆಗೆ ಅಂಟದೆಂಬುದೇ ಅವರು ಕಾಣುವ ಲಾಭ. ನಮ್ಮವರು ಇದಕ್ಕೆ ಮರುಳಾಗಕೂಡದು. 1959ರ ಆಯುಧ ಶಾಸನದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದೂ ಅಲ್ಲದೆ, ಲೇಪವು ಬೀಳುವುದು ಎರಕವಾದ ಬಳಿಕ. ಸೀಸವನ್ನು ಕರಗಿಸುವಾಗ ಏಳುವ ವಿಷದ ಹೊಗೆ–ಧೂಳನ್ನು ಅದು ತಡೆಯಲಾರದು. ಮಕ್ಕಳಿಗೆ ನಿರಪಾಯವಾದ ಸೀಸದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಆದುದರಿಂದ ಗುಂಡಿಗಾಗಲಿ ಹಳೆಯ ಬ್ಯಾಟರಿಗಾಗಲಿ, ವಾಸದ ಮನೆಗಳ ನಡುವೆ ಸೀಸದ ಕುಲುಮೆ ಹೂಡದಂತೆ ಅಧಿಕಾರಿಗಳು ಕಟ್ಟುನಿಟ್ಟು ಮಾಡಿ, ಸೀಸದ ಕೆಲಸಗಾರರ ರಕ್ತಪರೀಕ್ಷೆಯನ್ನು ತಪ್ಪದೆ ನಡೆಸಬೇಕು.