ಸುಳ್ಳು ವಿಳಾಸಗಳ ಹಾವಳಿ

ಲಕೋಟೆಯ ಮೇಲೆ ಕಳುಹಿಸುವವನು ಯಾರ ಹೆಸರನ್ನು ಬರೆದರೂ ಅಂಚೆಯವರು ಅದನ್ನು ಪರೀಕ್ಷಿಸುವುದಿಲ್ಲ. ಇ-ಮೇಲಿನಲ್ಲಿ ಕಾಣುವ ಹೆಸರಿನ ಸ್ಥಿತಿಯೂ ಬಹುಮಟ್ಟಿಗೆ ಇದೇ. ‘ನಿಮ್ಮ ಖಾತೆಯು ಇಂದು ಸ್ಥಗಿತವಾಗುವುದು, ಈ ಲಿಂಕನ್ನು ಒತ್ತಿ ಕೆ.ವೈ.ಸಿ. ಪೂರೈಸಿರಿ’ ಎಂದು ಬ್ಯಾಂಕಿನ ಹೆಸರಿನಲ್ಲಿ ಬೆದರಿಸುವ ಓಲೆಗಳು ದಿನವೂ ಬರುತ್ತಲಿವೆ. ಒತ್ತಿದೊಡನೆ ತೆರೆಯುವ ಪುಟವು ಬ್ಯಾಂಕಿನ ಪುಟದ ಪಡಿಯಚ್ಚು. ಅಲ್ಲಿ ಬರೆದ ಪಾಸ್‌ವರ್ಡೂ ಒ.ಟಿ.ಪಿ.ಯೂ ವಂಚಕನ ಕೈಸೇರುತ್ತವೆ.

ಹಣ ಕಳೆದುಕೊಂಡವನಿಗೆ ಲೋಕವು ಹೇಳುವ ಸಮಾಧಾನ ಒಂದೇ: ‘ಎಚ್ಚರದಿಂದಿರಬೇಕಾಗಿತ್ತು!’ ಗ್ರಾಹಕನ ಅಲಕ್ಷ್ಯದಿಂದಾದ ನಷ್ಟವನ್ನು, ಬ್ಯಾಂಕಿಗೆ ವರದಿ ಮಾಡುವವರೆಗೆ, ಅವನೇ ಹೊರತಕ್ಕದ್ದೆಂದು ರಿಜರ್ವ್ ಬ್ಯಾಂಕಿನವರೂ 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿದರು. ಅಲಕ್ಷ್ಯಕ್ಕೂ ಮೋಸಹೋಗುವುದಕ್ಕೂ ಅಂತರವಿಲ್ಲವೆ? ಖೋಟಾ ನಾಣ್ಯವನ್ನು ಗುರುತಿಸಲಾರದವನನ್ನು ದೂರುವ ಮೊದಲು, ಅಸಲು ನಾಣ್ಯದ ಮೇಲೆ ಎಲ್ಲರಿಗೂ ಕಾಣುವ ಮುದ್ರೆಯನ್ನೊತ್ತುವುದು ಟಂಕಸಾಲೆಯವರ ಧರ್ಮ.

ಆ ಮುದ್ರೆಯು ತಡವಾಗಿಯಾದರೂ ಬಂದಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ವರ್ಗಾಯಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು ಆಜ್ಞಾಪಿಸಿತು. ಈ ಹೆಸರು ಬ್ಯಾಂಕುಗಳಿಗೇ ಮೀಸಲು. ಆದರೆ ಮುದ್ರೆಯನ್ನು ಓದುವ ಬಗೆ ಜನಕ್ಕೆ ತಿಳಿಯಬೇಡವೆ? ಹೆಸರು ಮುಗಿದು ಓರೆಗೆರೆ ಬೀಳುವುದಕ್ಕೆ ಮುಂಚಿನ ಅಕ್ಷರಗಳನ್ನು ನೋಡಬೇಕು; ಬ್ಯಾಂಕಿನ ಹೆಸರು ಆದಿಯಲ್ಲಿದ್ದು ಅಂತ್ಯದಲ್ಲಿ ಮತ್ತೊಂದಿದ್ದರೆ ಅದು ಬೇರೊಬ್ಬನ ಮನೆ. ಬೀಗದ ಚಿಹ್ನೆಯಾದರೋ ದಾರಿಯ ಗೋಪ್ಯತೆಗೆ ಮಾತ್ರ ಸಾಕ್ಷಿ. ಮನೆಯೊಡೆಯನ ಪ್ರಾಮಾಣಿಕತೆಗೆ ಸಾಕ್ಷಿಯಾಗದು. ಇಷ್ಟನ್ನು ಕನ್ನಡದಲ್ಲಿ ಪ್ರತಿ ಶಾಖೆಯ ಬಾಗಿಲಲ್ಲಿಯೂ ಪ್ರತಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿಯೂ ಅಚ್ಚುಮಾಡಿಸುವುದು ಆಗದ ಕೆಲಸವಲ್ಲ. ಅಷ್ಟನ್ನೂ ಮಾಡದ ಬ್ಯಾಂಕಿಗೆ ಗ್ರಾಹಕನ ಮೇಲೆ ಅಲಕ್ಷ್ಯದ ಆರೋಪವನ್ನು ಹೊರಿಸುವ ಅಧಿಕಾರವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅಧಿಕಾರಿವರ್ಗದವರು ಇದನ್ನು ನಿಯಮವಾಗಿಯೇ ವಿಧಿಸಬೇಕು.

ಮಹಾಜನರಲ್ಲಿಯೂ ನಮ್ಮ ವಿಜ್ಞಾಪನೆ ಎರಡುಂಟು. ಓಲೆಯಲ್ಲಿ ಬಂದ ಲಿಂಕಿನ ಮೂಲಕ ಬ್ಯಾಂಕನ್ನು ಹೊಗದಿರಿ. ವಿಳಾಸವನ್ನು ಸ್ವತಃ ಬರೆದು ತೆರೆಯಿರಿ. ಮೋಸ ನಡೆದುಹೋದರೆ ನಾಚಿಕೆಯಿಂದ ಮುಚ್ಚಿಡದೆ, ಆ ಕ್ಷಣವೇ ಬ್ಯಾಂಕಿಗೂ 1930ರ ದೂರವಾಣಿಗೂ ತಿಳಿಸಿರಿ. ಖಾತೆಯಿಂದ ಖಾತೆಗೆ ಓಡುವ ಹಣವನ್ನು ನಡುದಾರಿಯಲ್ಲಿ ತಡೆಯಲು ಗಳಿಗೆಗಳೇ ಮುಖ್ಯ. ನಾಚಿಕೆಪಡತಕ್ಕವರು ಮೋಸಮಾಡಿದವರು, ಮತ್ತು ಕಾಯಬೇಕಾಗಿದ್ದೂ ಕಾಯದವರು.